ಕೆಂಪು ಚೇಳಿನ ವಿಷಕ್ಕೆ ಬಿ.ಪಿ. ಮಾತ್ರೆ

ಚೇಳು ಕಡಿದವರು ಚೀರಾಡುತ್ತಿದ್ದರೆ ಮನೆಮಂದಿ ಹೆದರುತ್ತಾರೆ, ಸುಮ್ಮನೆ ಮಲಗಿದರೆ ವಿಷ ಇಳಿಯಿತು ಎಂದುಕೊಳ್ಳುತ್ತಾರೆ. ಕೆಂಪು ಚೇಳಿನ ಮಟ್ಟಿಗೆ ಈ ಲೆಕ್ಕ ತಿರುವುಮುರುವು. ಕಡಿದ ಜಾಗದಲ್ಲಷ್ಟೇ ವಿಪರೀತ ನೋವಿರುವವರು ಬಹುಮಟ್ಟಿಗೆ ಒಂದು ದಿನದಲ್ಲಿ ಸುಧಾರಿಸುತ್ತಾರೆ. ನೋವು ಅಷ್ಟಾಗಿ ಇಲ್ಲ, ಆದರೆ ವಾಂತಿಯಾಗುತ್ತಿದೆ, ಮೈ ತೊಯ್ಯುವಷ್ಟು ಬೆವರು, ಕೈಕಾಲು ತಣ್ಣಗೆ ಎಂದರೆ ಹೃದಯಕ್ಕೆ ಅಪಾಯ ಬಂದಿದೆ. ಮಕ್ಕಳಲ್ಲಂತೂ ಇದು ಬಹಳ ಬೇಗ ವಿಕೋಪಕ್ಕೆ ಹೋಗುತ್ತದೆ.

ಸೋಲಾಪುರ, ಅಕ್ಕಲಕೋಟೆಯ ಒಣಭೂಮಿಯಲ್ಲಿ, ಗಡಿಯ ಈಚೆಗಿನ ಆಳಂದ, ಅಫಜಲಪುರ, ಇಂಡಿಗಳಲ್ಲಿ ಚೇಳು ಅಪರೂಪವಲ್ಲ. ಹೊಲದ ಕಲ್ಲಿನ ಒಡ್ಡು, ಕಣಕಿ ಬಣವಿ, ಕುಳ್ಳಿನ ರಾಶಿ, ಹಳೆ ಮಣ್ಣುಗೋಡೆಯ ಬಿರುಕು ಎಲ್ಲವೂ ಅದಕ್ಕೆ ಹೇಳಿ ಮಾಡಿಸಿದ ತಾವು. ಕಡಿತ ಹಳೆಯದು, ಮಂತ್ರ ಹಾಕುವವರೂ ಹಳಬರು. ಔಷಧ ಮಾತ್ರ ಈಚಿನದು. ಅದನ್ನು ಕಂಡುಕೊಂಡವರು ಮಹಾರಾಷ್ಟ್ರದ ಹಳ್ಳಿಗಾಡಿನಲ್ಲೇ ದುಡಿದ ವೈದ್ಯ ಹಿಮ್ಮತರಾವ್ ಬಾವಸ್ಕರ್.

1970ರ ದಶಕದ ಕೊನೆಯಲ್ಲಿ ಅವರು ಕೊಂಕಣದ ಮಹಾಡ್ ಬಳಿಯ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದರು. ಚೇಳು ಕಡಿದು ಗಂಭೀರ ಸ್ಥಿತಿಯಲ್ಲಿ ಬಂದವರಲ್ಲಿ ನೂರಕ್ಕೆ 30ರ ಆಸುಪಾಸು ಜನ ಸಾಯುತ್ತಿದ್ದ ಕಾಲ ಅದು. ಬಾವಸ್ಕರ್ ರಾತ್ರಿಯಿಡೀ ರೋಗಿಗಳ ಪಕ್ಕ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಉಸಿರು ಎಲ್ಲವನ್ನೂ ಬರೆದಿಟ್ಟರು. 1982ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅವರು ಗುರುತಿಸಿದ ಮುನ್ಸೂಚನೆಗಳನ್ನು ಪ್ರಕಟಿಸಿತು. ಸಾವು ಬರುತ್ತಿದ್ದುದು ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ.

ಹಾಗಾಗುವುದೇಕೆ? ಚೇಳಿನ ವಿಷ ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡುವುದಿಲ್ಲ. ನರಗಳು ಒಂದೇ ಸಮನೆ ಕೆರಳಿ ಅಡ್ರಿನಲಿನ್, ನಾರಡ್ರಿನಲಿನ್‌ಗಳನ್ನು ರಕ್ತಕ್ಕೆ ಸುರಿಯುತ್ತವೆ. ಕೆಲಸ ಮಾಡಲು ಈ ರಾಸಾಯನಿಕಗಳು ಜೀವಕೋಶದೊಳಗೆ ಕಾಲಿಡಬೇಕಿಲ್ಲ. ಕೋಶದ ಪೊರೆಯಲ್ಲಿ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ, ಅವನ್ನು ಗ್ರಾಹಿಗಳೆನ್ನೋಣ. ರಕ್ತನಾಳದ ಸ್ನಾಯುಕೋಶದ ಮೇಲಿರುವುದು ಆಲ್ಫಾ-1 ಗ್ರಾಹಿ. ನಾರಡ್ರಿನಲಿನ್ ಹೊರಗಿನಿಂದ ಅದಕ್ಕೆ ಅಂಟಿತೆಂದರೆ ಗ್ರಾಹಿಯ ಆಕಾರ ಒಳಬದಿಯಲ್ಲಿ ಬದಲಾಗುತ್ತದೆ, ಅಲ್ಲಿರುವ ಜಿ-ಪ್ರೋಟೀನ್ ಎಚ್ಚರಗೊಳ್ಳುತ್ತದೆ, ಕೋಶದೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಬಿಡುಗಡೆಯಾಗಿ ಸ್ನಾಯು ಬಿಗಿಯುತ್ತದೆ. ಮೈಯ ಲಕ್ಷಾಂತರ ಸಣ್ಣ ನಾಳಗಳು ಒಟ್ಟಿಗೆ ಹೀಗೆ ಬಿಗಿದರೆ, ಅರ್ಧ ಮುಚ್ಚಿದ ಪೈಪಿನಲ್ಲಿ ನೀರು ನೂಕುವ ಬಾವಿಯ ಪಂಪಿನ ಪಾಡು ಹೃದಯದ್ದು. ಕೈಕಾಲು ತಣ್ಣಗಾಗುವುದೂ ಇದರಿಂದಲೇ.

ಈ ಗ್ರಾಹಿಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯಿವೆ ಎಂದು ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಹೇಳಿದ್ದು 1948ರಲ್ಲಿ. ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಆ ಮಾತನ್ನೇ ನೆಚ್ಚಿ ಬೀಟಾ ಗ್ರಾಹಿ ತಡೆಯುವ ಪ್ರೊಪ್ರನೊಲಾಲ್ ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಪಡೆದರು. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೆಲಸ ಮಾಡುವುದು ಇಂಥ ಜಿ-ಪ್ರೋಟೀನ್ ಜೊತೆಗಾರ ಗ್ರಾಹಿಗಳ ಮೇಲೆಯೇ.

ಬಾವಸ್ಕರ್ ಚೇಳಿನ ವಿಷಕ್ಕೆ ಕಂಡುಕೊಂಡ ಔಷಧವೂ ಇಂಥದ್ದೇ: ಫೈಜರ್ ಕಂಪನಿಯ ಪ್ರಾಜೋಸಿನ್. ಅದು ಬಂದದ್ದು ರಕ್ತದೊತ್ತಡದ ಮಾತ್ರೆಯಾಗಿ. ನಾಳಗಳನ್ನು ಅದು ನೇರವಾಗಿ ಸಡಿಲಿಸುತ್ತದೆ ಎಂದೇ ಮೊದಲು ನಂಬಿದ್ದರು. ಆಲ್ಫಾ-1 ಗ್ರಾಹಿಯನ್ನು ಆರಿಸಿ ತಡೆಯುತ್ತದೆಂದು 1970ರ ದಶಕದಲ್ಲಿ ತಿಳಿಯಿತು. ಈ ಆರಿಸುವ ಗುಣದಲ್ಲೇ ಅದರ ಹೆಚ್ಚುಗಾರಿಕೆ ಇದೆ. ನರದ ತುದಿಯಲ್ಲಿ ಆಲ್ಫಾ-2 ಎಂಬ ಇನ್ನೊಂದು ಗ್ರಾಹಿಯಿದ್ದು, ನಾರಡ್ರಿನಲಿನ್ ಹೆಚ್ಚಾದಾಗ ಇನ್ನು ಸಾಕೆಂದು ನರಕ್ಕೆ ಸೂಚಿಸುತ್ತದೆ. ಹಿಂದಿನ ಆಲ್ಫಾ ತಡೆಗಳು ಎರಡನ್ನೂ ಮುಚ್ಚಿ ಆ ಸೂಚನೆಯನ್ನೂ ಅಳಿಸುತ್ತಿದ್ದವು. ಪ್ರಾಜೋಸಿನ್ ಆಲ್ಫಾ-2ರ ತಂಟೆಗೆ ಹೋಗುವುದಿಲ್ಲ.

ವಿಷ ಕೆಡುಕು ಮಾಡುವುದು ಎಲ್ಲಿಯೋ ಅಲ್ಲಿಗೇ ಈ ಮಾತ್ರೆ ಸಲ್ಲುತ್ತದೆ ಎಂದು ಬಾವಸ್ಕರ್ ತರ್ಕಿಸಿದರು. 1986ರಲ್ಲಿ ಪತ್ನಿ ಡಾ. ಪ್ರಮೋದಿನಿ ಅವರೊಂದಿಗೆ ಲ್ಯಾನ್ಸೆಟ್‌ನಲ್ಲೇ ಫಲಿತಾಂಶ ಪ್ರಕಟಿಸಿದರು. ಪ್ರಾಜೋಸಿನ್ ಬಳಕೆಗೆ ಬಂದ ಮೇಲೆ ಸಾವಿನ ಪ್ರಮಾಣ ನೂರಕ್ಕೆ ನಾಲ್ಕರೊಳಗೆ ಇಳಿಯಿತು. ದೊಡ್ಡ ಪ್ರಯೋಗಾಲಯವಿಲ್ಲದ ಊರಲ್ಲಿ ಕುಳಿತು ಮಾಡಿದ ಈ ಕೆಲಸ, ನನ್ನ ದೃಷ್ಟಿಯಲ್ಲಿ, ಹೊಸ ಅಣುವೊಂದನ್ನು ರೂಪಿಸಿದ್ದಕ್ಕೆ ಕಡಿಮೆಯದಲ್ಲ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅವರ 70 ರೋಗಿಗಳ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಪ್ರಾಜೋಸಿನ್ ಜೊತೆ ಚೇಳಿನ ಪ್ರತಿವಿಷವನ್ನೂ ಪಡೆದವರು ಬರೀ ಮಾತ್ರೆ ಪಡೆದವರಿಗಿಂತ ಬೇಗ ಗುಣವಾದರು. ಪ್ರತಿವಿಷ ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆ, ಮಾತ್ರೆ ಗ್ರಾಹಿಯನ್ನು ಕಾಯುತ್ತದೆ. 2022ರಲ್ಲಿ ಬಾವಸ್ಕರ್ ಅವರಿಗೆ ಪದ್ಮಶ್ರೀ ಸಂದಿತು.

ಮಾತ್ರೆಯನ್ನು ಮನೆಯಲ್ಲಿ ತಾವೇ ನುಂಗಿಸುವಂತಿಲ್ಲ. ಮೊದಲ ಗುಳಿಗೆಗೇ ರಕ್ತದೊತ್ತಡ ತಟ್ಟನೆ ಕುಸಿಯಬಹುದು. ರೋಗಿಯನ್ನು ಮಲಗಿಸಿಯೇ ಇಟ್ಟು ವೈದ್ಯರು ನಿಗಾ ಇಡಬೇಕು. ಆದರೆ ತಡವೂ ಸಲ್ಲದು. ಅಕ್ಕಲಕೋಟೆಯಿಂದ ಸೋಲಾಪುರದ ಸಿವಿಲ್ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್, ಒಳಹಳ್ಳಿಗಳಿಂದ ಇನ್ನೂ ದೂರ. ಬೆವರು, ವಾಂತಿ ಕಂಡ ಮೇಲೆ ಮಂತ್ರಕ್ಕೆಂದು ಹೊತ್ತು ಕಳೆಯಬೇಡಿ, ಹತ್ತಿರದ ಸರ್ಕಾರಿ ದವಾಖಾನೆಗೆ ನಡೆಯಿರಿ. ಆ ದವಾಖಾನೆಯಲ್ಲಿ ಪ್ರಾಜೋಸಿನ್ ಇದೆಯೇ ಎಂದು ಬೇಸಿಗೆಗೆ ಮುಂಚೆಯೇ ಗ್ರಾಮಸಭೆಯಲ್ಲಿ ಎದ್ದು ಕೇಳಿ.