ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ನಿಜಕ್ಕೂ ಎಷ್ಟು ಹೊತ್ತಿನ ದಾರಿ?

ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟ ವಿಮಾನ ಅದೇ ದಿನ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ ಎಂದು ಟಿಕೆಟ್‌ನಲ್ಲಿದ್ದರೆ, ಮೊದಲ ಸಲ ಮಗಳ ಮನೆಗೆ ಹೊರಟ ಹಿರಿಯರಿಗೆ ಗೊಂದಲವಾಗುವುದು ಸಹಜ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರ. ಎರಡನ್ನೂ ನಮ್ಮ ಸಮಯಕ್ಕೆ ತಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಐದು ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಅಂದರೆ ಹಾರಾಟ 16 ಗಂಟೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ.

ಭೂಮಿಯ ಮೈಮೇಲೆ ಈ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 14,000 ಕಿ.ಮೀ. ಆ ಗೆರೆ ಅಲಾಸ್ಕ, ಸೈಬೀರಿಯಗಳ ಕಡೆಯಿಂದ ಹೋಗುತ್ತದೆ. ಗೋಡೆಯ ನಕಾಶೆಯಲ್ಲಿ ಸುತ್ತುದಾರಿಯಂತೆ ಕಾಣುವ ಅದು ಗ್ಲೋಬಿನ ಮೇಲೆ ದಾರ ಎಳೆದರೆ ನೇರ.

ಆದರೆ ವಿಮಾನಗಳು ಕಿಲೋಮೀಟರಿಗಿಂತ ಗಾಳಿಯ ಮಾತನ್ನು ಹೆಚ್ಚು ಕೇಳುತ್ತವೆ. ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್, ಪೆಸಿಫಿಕ್ ಮೇಲಿಂದ ಅಮೆರಿಕಕ್ಕೆ ಹೋಗುವ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. ವಾಪಸು ಬರುವಾಗ ಅದೇ ಗಾಳಿ ಎದುರಾಗುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಿತು. ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಇಳಿದಾಗ ಇಲ್ಲಿ 11ನೇ ತಾರೀಖಿನ ನಸುಕು. ಹಾರಾಟ ಸುಮಾರು 17 ಗಂಟೆ. ಧ್ರುವದ ಮೇಲಿಂದ ಲೆಕ್ಕ ಹಾಕಿದರೆ ದೂರ ಸುಮಾರು 14,400 ಕಿ.ಮೀ.; ಹತ್ತಿರದ ಗೆರೆಗಿಂತ ಹೆಚ್ಚಾಗುವುದು ನಾನೂರೇ ಕಿ.ಮೀ. ಎದುರುಗಾಳಿ ತಪ್ಪುವುದಾದರೆ ಅಷ್ಟು ಬಳಸು ಲಾಭವೇ. ವಾಯುಪ್ರದೇಶ ಮುಚ್ಚಿದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನೇರ ವಿಮಾನಗಳ ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ. ಟಿಕೆಟ್ ತೆಗೆಯುವ ದಿನದ ಸ್ಥಿತಿಯನ್ನೇ ನೋಡಿಕೊಳ್ಳಿ.

ನಡುವೆ ವಿಮಾನ ಬದಲಿಸುವವರು ದೂರಕ್ಕಿಂತ ಕಾಯುವ ಹೊತ್ತನ್ನು ಗಮನಿಸಬೇಕು. ದುಬೈ ಮೇಲಿಂದ ಒಟ್ಟು 15,700 ಕಿ.ಮೀ. ಆಸುಪಾಸು, ಫ್ರಾಂಕ್‌ಫರ್ಟ್ ಮೇಲಿಂದ ಸುಮಾರು 16,500. ಗಾಳಿಯಲ್ಲಿರುವ ಹೊತ್ತು 19-20 ಗಂಟೆ, ಉಳಿದದ್ದೆಲ್ಲ ನಿಲ್ದಾಣದ ಬೆಂಚಿನ ಮೇಲೆ. ಒಂದೂವರೆ ಗಂಟೆಯ ಬಿಡುವು ಹಿರಿಯರಿಗೆ ಸಾಲದು. ಮೂರು ಗಂಟೆ ಇರಲಿ, ವೀಲ್‌ಚೇರನ್ನು ಟಿಕೆಟ್ ಜೊತೆಗೇ ಕೇಳಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್‌ಗಳ ಹೊತ್ತನ್ನು ಹೊರಡುವ ಮುನ್ನವೇ ವೈದ್ಯರಿಂದ ಬರೆಸಿಕೊಂಡು ಕೈಚೀಲದಲ್ಲಿಡಿ. ಫ್ರೀಮಾಂಟ್, ಸನ್ನಿವೇಲ್‌ಗಳಿಂದ ಕರೆದೊಯ್ಯಲು ಬರುವ ಮಕ್ಕಳಿಗೂ ಒಂದು ಮಾತು: ವಿಮಾನ ಇಳಿದ ಮೇಲೆ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್ ಮುಗಿಯಲು ಒಂದು-ಒಂದೂವರೆ ಗಂಟೆ ಹಿಡಿಯಬಹುದು. ಅಪ್ಪ-ಅಮ್ಮನ ಫೋನ್ ಅಲ್ಲಿ ಕೆಲಸ ಮಾಡದಿರಬಹುದು; ಯಾವ ಬಾಗಿಲ ಬಳಿ ಕಾಯುತ್ತೀರಿ ಎಂಬುದನ್ನು ಬೆಂಗಳೂರಿನಲ್ಲಿದ್ದಾಗಲೇ ಹೇಳಿಬಿಡಿ.