ಅಟ್ಟ ಸೇರಿದ ವ್ಯಾಕ್ಯೂಮ್ ಕ್ಲೀನರ್: ಹಳೆಯದೇ ಗಟ್ಟಿ, ಆದರೆ ಚೀಲ?

ಕಾನಹೊಸಹಳ್ಳಿ: ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯ ಮಗ್ಗುಲಲ್ಲಿರುವ ಈ ಊರಿನಲ್ಲಿ ಬೇಸಿಗೆ ಬಂತೆಂದರೆ ದೂಳಿಗೆ ಬಿಡುವಿಲ್ಲ. ಕೂಡ್ಲಿಗಿ ಸೀಮೆಯ ಒಣ ಕೆಂಪು ನೆಲ ಹಾಗೂ ನಿರಂತರ ವಾಹನ ಸಂಚಾರದ ನಡುವೆ ಕಸಬರಿಗೆ ಎಷ್ಟು ಆಡಿಸಿದರೂ ದೂಳು ಎದ್ದು ಮತ್ತೆ ಅಲ್ಲಿಯೇ ಕೂರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇರಬೇಕಾದದ್ದು ಇಂತಹ ಮನೆಗಳಲ್ಲಿಯೇ. ಆದರೆ ರಾಜ್ಯದ ಅನೇಕ ಮನೆಗಳಲ್ಲಿ ಎಂಬತ್ತು–ತೊಂಬತ್ತರ ದಶಕದಲ್ಲಿ ಕೊಂಡ ಯಂತ್ರ ಅಟ್ಟ ಸೇರಿದೆ. ಕೆಲವರು ಮಾತ್ರ ಅದನ್ನೇ ಇಳಿಸಿ ಬಳಸುತ್ತಾರೆ. ಹೊಸದಕ್ಕೆ ಆ ಗಟ್ಟಿತನ ಇಲ್ಲ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ.

1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ರೂಪಿಸಿದ ಯಂತ್ರವನ್ನು ಕುದುರೆಗಳು ಎಳೆದು ತಂದು ಬೀದಿಯಲ್ಲಿ ನಿಲ್ಲಿಸಬೇಕಿತ್ತು; ಕೊಳವೆಗಳು ಮಾತ್ರ ಕಿಟಕಿಯ ಮೂಲಕ ಮನೆಯೊಳಕ್ಕೆ ಹೋಗುತ್ತಿದ್ದವು. 1908ರಲ್ಲಿ ಅಮೆರಿಕದ ಜೇಮ್ಸ್ ಸ್ಪ್ಯಾಂಗ್ಲರ್ ಪೇಟೆಂಟ್ ಪಡೆದ ನಿಂತ ಮಾದರಿ ಹೂವರ್ ಹೆಸರಿನಲ್ಲಿ ಪ್ರಸಿದ್ಧವಾಯಿತು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ನೆಲದ ಮೇಲೆ ಮಲಗಿಸಿ ಎಳೆಯುವ ಉರುಳೆಯಾಕಾರದ ಯಂತ್ರವನ್ನು ತಂದಿತು. ಅದೇ ಎಲೆಕ್ಟ್ರೋಲಕ್ಸ್ ಪಾಲುದಾರಿಕೆಯಲ್ಲಿ 1982ರಲ್ಲಿ ಭಾರತದಲ್ಲಿ ಯುರೇಕಾ ಫೋರ್ಬ್ಸ್ ಹುಟ್ಟಿತು. ಅದರ ಮಾರಾಟಗಾರರು ಮನೆಬಾಗಿಲಿಗೇ ಬಂದು ಯೂರೋಕ್ಲೀನ್ ಮಾರಿದರು.

ಜಮಖಾನೆಯೇ ಹೆಚ್ಚಿರುವ ದೇಶಗಳಲ್ಲಿ ತಿರುಗುವ ಬ್ರಷ್ಷಿನ ನಿಂತ ಮಾದರಿಗೆ ಬೇಡಿಕೆ. ಕಡಪ ಕಲ್ಲು, ಮೊಸಾಯಿಕ್ ನೆಲದ ನಮ್ಮ ಮನೆಗಳಿಗೆ ಉದ್ದನೆಯ ಕೊಳವೆಯ ಎಳೆಯುವ ಮಾದರಿಯೇ ಸೂಕ್ತ. ಜೇಡರ ಬಲೆ, ಫ್ಯಾನು, ಹಾಸಿಗೆ ಎಲ್ಲಕ್ಕೂ ಅದು ಎಟುಕುತ್ತದೆ. ಕೊಳವೆಯನ್ನು ಹಿಂಬದಿಗೆ ಸಿಕ್ಕಿಸಿದರೆ ಗಾಳಿ ಊದುವ ಸೌಲಭ್ಯವೂ ಅನೇಕ ಹಳೆಯ ಯಂತ್ರಗಳಲ್ಲಿದೆ. ಹೊಲಿಗೆ ಯಂತ್ರದ ಸಂದಿ, ಕೂಲರ್‌ನ ಜಾಲರಿ ಶುಚಿಗೊಳಿಸಲು ಅದಕ್ಕೆ ಸಾಟಿಯಿಲ್ಲ. ಮೋಟಾರಿನಲ್ಲಿ ಮೊದಲು ಸವೆಯುವುದು ಕಾರ್ಬನ್ ಬ್ರಷ್. ಅಳತೆಗೆ ಸರಿಯಾದದ್ದು ಸಿಕ್ಕರೆ ರಿವೈಂಡಿಂಗ್ ಅಂಗಡಿಯಲ್ಲಿಯೇ ದುರಸ್ತಿಯಾಗುತ್ತದೆ.

ತೊಡಕಿರುವುದು ಚೀಲದಲ್ಲಿ. ಹಳೆಯ ಯಂತ್ರದ ಬಟ್ಟೆಯ ಚೀಲ ಕಸವನ್ನು, ದಪ್ಪ ದೂಳನ್ನು ಹಿಡಿಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಕಣ ನೇಯ್ಗೆಯ ನಡುವಿನಿಂದ ನುಸುಳಿ ಹಿಂಬದಿಯ ಗಾಳಿಯೊಡನೆ ಕೋಣೆಗೇ ಮರಳುತ್ತದೆ. ಕತ್ತಲೆ ಕೋಣೆಯಲ್ಲಿ ಯಂತ್ರ ನಡೆಸಿ, ಗಾಳಿ ಹೊರಬರುವ ಕಡೆ ಟಾರ್ಚ್ ಬಿಟ್ಟು ನೋಡಿದರೆ ಸೋರಿಕೆಯ ಅಂದಾಜು ಸಿಗುತ್ತದೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯಬೇಕೆಂಬುದು ಅಮೆರಿಕದ ಮಾನದಂಡ. ಹೆಚ್ಚು ವ್ಯಾಟ್ ಇದ್ದರೆ ಹೆಚ್ಚು ಶುದ್ಧಿ ಎಂಬುದೂ ತಪ್ಪು ತಿಳಿವಳಿಕೆ. ವ್ಯಾಟ್ ಹೇಳುವುದು ಯಂತ್ರ ಬಳಸುವ ವಿದ್ಯುತ್ತನ್ನೇ ಹೊರತು ಹೀರುವ ಬಲವನ್ನಲ್ಲ. ಐರೋಪ್ಯ ಒಕ್ಕೂಟ 2014ರಲ್ಲಿ 1600, 2017ರಲ್ಲಿ 900 ವ್ಯಾಟ್‌ಗಳ ಮಿತಿ ವಿಧಿಸಿತು.

ಹಳೆಯದನ್ನು ಬಳಸುವವರು ಚೀಲವನ್ನು ಅರ್ಧ ತುಂಬುವ ಮೊದಲೇ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿ ಕೊಡವುವುದು ಒಳಿತು. ಒಲೆಯ ಬೂದಿ, ಸಿಮೆಂಟ್ ಪುಡಿ, ನೀರು ಹೀರಿಸಬಾರದು. ಲೋಹದ ಮೈಯ ಯಂತ್ರಕ್ಕೆ ಅರ್ಥಿಂಗ್ ಸರಿಯಿದೆಯೇ, ವೈರಿನ ಹೊದಿಕೆ ಬಿರುಕು ಬಿಟ್ಟಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿದ ಬಳಿಕವೇ ಪ್ಲಗ್ ಹಾಕಬೇಕು. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ನೆಲಕ್ಕೆ ಒದ್ದೆ ಬಟ್ಟೆಯೇ ಮೇಲು. ಹಾಸಿಗೆಗೆ ಈ ಯಂತ್ರ ಹಿಡಿಯುವ ಹೊತ್ತಿನಲ್ಲಿ ಅವರು ಹೊರಗಿರುವುದು ಕ್ಷೇಮ. ಕಿಟಕಿ ತೆರೆದು, ಎದ್ದ ದೂಳು ಇಳಿದ ಮೇಲೆ ಒಳಗೆ ಬರಬಹುದು.