ರೇಸಿಂಗ್ ಚಾಲಕನ ಬೆನ್ನಿಗೆ ಯಾರ ಬಂಡವಾಳ?

ಹಲಸೂರಿನಲ್ಲಿ ಲೇತ್ ಯಂತ್ರಗಳ ಸಣ್ಣ ಕಾರ್ಯಾಗಾರವನ್ನು ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರು ಈಚೆಗೆ ಒಂದು ಪ್ರಶ್ನೆ ಕೇಳಿದರು. "ಮಗನಿಗೆ ಹನ್ನೆರಡು ವರ್ಷ. ಭಾನುವಾರ ಬಂದರೆ ಗೋ-ಕಾರ್ಟ್ ಓಡಿಸಬೇಕು ಅಂತಾನೆ. ಚೆನ್ನಾಗಿ ಓಡಿಸ್ತಾನೆ ಅಂತ ಅಲ್ಲಿಯವರೂ ಹೇಳ್ತಾರೆ. ಇದನ್ನೇ ವೃತ್ತಿ ಮಾಡ್ಕೋಬೇಕು ಅಂದ್ರೆ ಎಷ್ಟು ಬಂಡವಾಳ ಹಾಕಬೇಕು ಸಾರ್?"

ವರ್ತಕರಿಗೆ ಸಹಜವಾದ ಪ್ರಶ್ನೆ. ಫಾರ್ಮುಲಾ ವನ್‌ಗಿಂತ ಒಂದು ಮೆಟ್ಟಿಲು ಕೆಳಗಿರುವ ಫಾರ್ಮುಲಾ ಟೂ ಶ್ರೇಣಿಯಲ್ಲಿ ಒಬ್ಬ ಚಾಲಕನ ಒಂದು ವರ್ಷದ ವೆಚ್ಚ ಇಪ್ಪತ್ತು ಲಕ್ಷ ಯೂರೋಗಳಿಗೂ ಮಿಗಿಲು. ಅಂದರೆ ಸುಮಾರು 20 ಕೋಟಿ ರೂಪಾಯಿಗಳು. ಅದಕ್ಕೂ ಮುನ್ನ ಕಾರ್ಟಿಂಗ್, ಫಾರ್ಮುಲಾ ಫೋರ್, ಫಾರ್ಮುಲಾ ಥ್ರೀ ಎಂಬ ಮೆಟ್ಟಿಲುಗಳನ್ನು ಏರಬೇಕು. ಕೊನೆಗೆ ಫಾರ್ಮುಲಾ ವನ್‌ನಲ್ಲಿರುವುದು ಇಡೀ ಜಗತ್ತಿಗೆ 2026ರಿಂದ ಇಪ್ಪತ್ತೆರಡು ಆಸನಗಳು. ಆದುದರಿಂದ ಎಷ್ಟು ಬಂಡವಾಳ ಎಂಬುದಕ್ಕಿಂತ ಯಾರ ಬಂಡವಾಳ ಎಂದು ಕೇಳುವುದೇ ಹೆಚ್ಚು ಉಪಯುಕ್ತ.

ಈ ಪ್ರಶ್ನೆಗೆ ಜಪಾನೀಯರು ಬಹಳ ಹಿಂದೆಯೇ ಒಂದು ಉತ್ತರ ಕಂಡುಕೊಂಡರು. ಹೋಂಡಾ ಸಂಸ್ಥೆ 1962ರಲ್ಲಿ ಸುಜುಕಾದಲ್ಲಿ ತನ್ನದೇ ಸ್ಪರ್ಧಾಪಥವನ್ನು ನಿರ್ಮಿಸಿ, 1964ರಲ್ಲಿ ತನ್ನದೇ ಕಾರಿನೊಂದಿಗೆ ಫಾರ್ಮುಲಾ ವನ್‌ಗೆ ಇಳಿಯಿತು. ಮುಂದೆ 1987ರಲ್ಲಿ ಇಂಗ್ಲೆಂಡಿನ ಲೋಟಸ್ ತಂಡಕ್ಕೆ ಹೋಂಡಾ ತನ್ನ ಎಂಜಿನ್‌ಗಳನ್ನು ಒದಗಿಸಿದಾಗ, ಅದರೊಡನೆ ಸತೊರು ನಕಾಜಿಮಾ ಎಂಬ ಚಾಲಕನೂ ಆ ತಂಡ ಸೇರಿದರು. ಆಗ ಅವರ ವಯಸ್ಸು ಮೂವತ್ತನಾಲ್ಕು. ಜೊತೆಗಾರ ಆಯರ್ಟನ್ ಸೆನ್ನಾ. ಅದೇ ವರ್ಷ ಸಿಲ್ವರ್‌ಸ್ಟೋನ್‌ನ ಬ್ರಿಟಿಷ್ ಸ್ಪರ್ಧೆಯಲ್ಲಿ ಮೊದಲ ನಾಲ್ಕು ಸ್ಥಾನಗಳನ್ನು ಹೋಂಡಾ ಎಂಜಿನ್‌ನ ಕಾರುಗಳೇ ಪಡೆದವು, ನಾಲ್ಕನೆಯವರು ನಕಾಜಿಮಾ. ಐದು ವರ್ಷಗಳಲ್ಲಿ ಅವರು ಗಳಿಸಿದ್ದು ಒಟ್ಟು 16 ಅಂಕಗಳು. ಗೆಲುವು ಒಂದೂ ಇಲ್ಲ. ಆದರೆ ಪೂರ್ಣಾವಧಿಯ ಜಪಾನೀ ಚಾಲಕನೊಬ್ಬ ಅಲ್ಲಿ ಉಳಿಯಬಲ್ಲನೆಂಬುದು ಅವರಿಂದ ಸಾಬೀತಾಯಿತು.

ಇನ್ನೊಬ್ಬರ ಕಥೆ ನಮ್ಮ ಸಣ್ಣ ವರ್ತಕರಿಗೆ ಮತ್ತಷ್ಟು ಹತ್ತಿರದ್ದು. ಕಮುಯಿ ಕೊಬಯಾಶಿ ಅವರ ತಂದೆ ಅಮಗಸಾಕಿ ಎಂಬ ಊರಿನಲ್ಲಿ ಸುಶಿ ಹೋಟೆಲು ನಡೆಸುತ್ತಿದ್ದವರು. ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಯುರೋಪಿನ ಸ್ಪರ್ಧೆಗಳ ವೆಚ್ಚ ಹುಟ್ಟುವುದಿಲ್ಲ. ಅವರನ್ನು ಬೆಳೆಸಿದ್ದು ಟೊಯೋಟಾದ ಯುವ ಚಾಲಕರ ಯೋಜನೆ. ಅವರು 2009ರ ಕೊನೆಯ ಎರಡು ಸ್ಪರ್ಧೆಗಳಲ್ಲಿ ಟೊಯೋಟಾ ಕಾರನ್ನು ಓಡಿಸಿ ಎಲ್ಲರ ಗಮನ ಸೆಳೆದರು. ಋತು ಮುಗಿದೊಡನೆ ಟೊಯೋಟಾ ಫಾರ್ಮುಲಾ ವನ್‌ನಿಂದಲೇ ಹಿಂದೆ ಸರಿಯಿತು. ಸಾಬರ್ ತಂಡ ಅವರಿಗೆ ಆಶ್ರಯ ಕೊಟ್ಟಿತು. 2012ರಲ್ಲಿ ಸುಜುಕಾದಲ್ಲಿ, ಸ್ವದೇಶದ ಜನರ ಮುಂದೆ, ಮೂರನೆಯ ಸ್ಥಾನ ಗಳಿಸಿದರು. ಆದರೂ ಮರುವರ್ಷ ಆಸನವಿಲ್ಲದಾಯಿತು. ಅಭಿಮಾನಿಗಳಿಂದ ಚಂದಾ ಎತ್ತಬೇಕಾದ ಸ್ಥಿತಿಯೂ ಬಂತು. ಕೊನೆಗೆ ಅವರು ಮರಳಿದ್ದು ಟೊಯೋಟಾದ ಬಳಿಗೇ: 2021ರಲ್ಲಿ ಲ ಮಾನ್ಸ್‌ನ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದ ಟೊಯೋಟಾ ಕಾರಿನ ಮೂವರು ಚಾಲಕರಲ್ಲಿ ಅವರೊಬ್ಬರು.

ಈಗ ನಮ್ಮ ಊರಿನ ಮಾತಿಗೆ ಬರೋಣ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯಿದೆ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆಯಿದೆ. ನಮ್ಮ ಸದಸ್ಯರಲ್ಲಿ ಹಲವರ ಬದುಕು ವಾಹನಗಳ ಬಿಡಿಭಾಗಗಳನ್ನೇ ನಂಬಿದೆ. ಆದರೆ ಬೆಂಗಳೂರಿನಿಂದ ಹೊರಟು ಈ ಕ್ಷೇತ್ರದ ಮೇಲಿನ ಮೆಟ್ಟಿಲುಗಳನ್ನು ಮುಟ್ಟಿದ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಸಹೋದರರ ಬೆನ್ನಿಗಿದ್ದುದು ಕಾರು ಕಂಪನಿಯಲ್ಲ, ಒಂದು ಉದ್ದಿಮೆದಾರ ಕುಟುಂಬ.

ಅವರ ತಾತ ಸುದರ್ಶನ್ ಮೈನಿಯವರು 1973ರಲ್ಲಿ ಬೆಂಗಳೂರಿನಲ್ಲಿ ಸೂಕ್ಷ್ಮ ಬಿಡಿಭಾಗಗಳ ತಯಾರಿಕೆಯನ್ನು ಆರಂಭಿಸಿದವರು. ಚಿಕ್ಕಪ್ಪ ಚೇತನ್ ಮೈನಿ 2001ರಲ್ಲಿ ರೇವಾ ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದರು. ಆ ಪುಟ್ಟ ಕಾರನ್ನು ಕಂಡು ನಗೆಯಾಡಿದವರು ನಮ್ಮಲ್ಲಿಯೂ ಇದ್ದರು. ಇಂದು ಅವರಲ್ಲಿ ಕೆಲವರು ವಿದ್ಯುತ್ ವಾಹನಗಳಿಗೆ ಬಿಡಿಭಾಗ ಪೂರೈಸುತ್ತಿದ್ದಾರೆ! ತಂದೆ ಗೌತಮ್ ಮೈನಿ ಕುಟುಂಬದ ಬಿಡಿಭಾಗ ಉದ್ದಿಮೆಯನ್ನು ನಡೆಸಿದವರು, ಸ್ವತಃ ರೇಸಿಂಗ್ ಬಲ್ಲವರು. (ಆ ಬಿಡಿಭಾಗ ಸಂಸ್ಥೆಯ ಬಹುಪಾಲು ಷೇರುಗಳನ್ನು ರೇಮಂಡ್ ಸಮೂಹವು ಖರೀದಿಸುವುದಾಗಿ 2023ರಲ್ಲಿ ಪ್ರಕಟಿಸಿತು.)

1997ರಲ್ಲಿ ಜನಿಸಿದ ಅರ್ಜುನ್‌ಗೆ ಮೊದಲ ದೊಡ್ಡ ಅವಕಾಶ ದೊರೆತದ್ದು 2011ರಲ್ಲಿ. ಆಗ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡವು ದೇಶಾದ್ಯಂತ ಎಳೆಯ ಚಾಲಕರ ಹುಡುಕಾಟ ನಡೆಸಿತು. ಆರಿಸಲ್ಪಟ್ಟ ಮೂವರಲ್ಲಿ ಇವರೊಬ್ಬರು. 2014ರಲ್ಲಿ ಬ್ರಿಟನ್ನಿನ ಫಾರ್ಮುಲಾ ಫೋರ್ ಪಂದ್ಯಾವಳಿಯಲ್ಲಿ ಕೇವಲ 3 ಅಂಕಗಳಿಂದ ಪ್ರಶಸ್ತಿ ತಪ್ಪಿತು. ಗೆದ್ದವರು ಜಾರ್ಜ್ ರಸೆಲ್. ಮುಂದೆ ರಸೆಲ್ ಮರ್ಸಿಡಿಸ್ ತಂಡದ ಫಾರ್ಮುಲಾ ವನ್ ಚಾಲಕರಾದರು. ಮೂರು ಅಂಕಗಳ ಅಂತರ ಎಷ್ಟು ದೊಡ್ಡದಾಗಿ ಬೆಳೆಯಬಲ್ಲದೆಂಬುದನ್ನು ಓದುಗರು ಗಮನಿಸಬೇಕು.

ಅರ್ಜುನ್ 2017ರಲ್ಲಿ ಬಾರ್ಸಿಲೋನಾದಲ್ಲಿ ಗೆದ್ದು, ಜಿಪಿ-3 ಶ್ರೇಣಿಯಲ್ಲಿ ಗೆದ್ದ ಮೊದಲ ಭಾರತೀಯರಾದರು. ಅಮೆರಿಕದ ಹಾಸ್ ತಂಡ ಅವರನ್ನು ಅಭಿವೃದ್ಧಿ ಚಾಲಕನನ್ನಾಗಿ ಸೇರಿಸಿಕೊಂಡಿತು. 2018ರಲ್ಲಿ ಫಾರ್ಮುಲಾ ಟೂ ತಲುಪಿದರು. ಆ ವರ್ಷ ಕಹಿಯಾಗಿತ್ತು. ಸಿಲ್ವರ್‌ಸ್ಟೋನ್‌ನಲ್ಲಿ ಸ್ಪರ್ಧೆ ಮುಗಿದ ಮೇಲೆ ಸ್ವಂತ ತಂಡದ ಜೊತೆಗಾರನೇ ಅವರ ಕಾರಿಗೆ ಡಿಕ್ಕಿ ಹೊಡೆದು ನಿಷೇಧಕ್ಕೆ ಗುರಿಯಾದನು. ಅದೇ ಜುಲೈನಲ್ಲಿ ಫೋರ್ಸ್ ಇಂಡಿಯಾ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈ ಸೇರಿತು. ಭಾರತೀಯ ಹುಡುಗರನ್ನು ಹುಡುಕಿದ್ದ ಏಣಿಯೇ ಇಲ್ಲವಾಯಿತು. ಅರ್ಜುನ್ ಫಾರ್ಮುಲಾ ವನ್ ಮುಟ್ಟಲಿಲ್ಲ. ಆದರೆ ವೃತ್ತಿಯನ್ನು ಬಿಡಲೂ ಇಲ್ಲ. ಲ ಮಾನ್ಸ್‌ನಲ್ಲಿ ಓಡಿಸಿದರು. 2021ರಲ್ಲಿ ಜರ್ಮನಿಯ ಡಿಟಿಎಂ ಪಂದ್ಯಾವಳಿಯಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು. ಅಲ್ಲಿ ಮೊದಲು ಮರ್ಸಿಡಿಸ್, 2025ರಲ್ಲಿ ಫೋರ್ಡ್ ಕಾರು. ಮಾರುಕಟ್ಟೆಯೊಂದು ಮುಚ್ಚಿದಾಗ ಅದೇ ಕೌಶಲವನ್ನು ಬೇರೊಂದು ಮಾರುಕಟ್ಟೆಗೆ ಒಯ್ದವರೆಂದು ನಾವು ಇದನ್ನು ತಿಳಿಯಬಹುದು.

ತಮ್ಮ ಕುಶ್ 2000ದಲ್ಲಿ ಜನಿಸಿದವರು. ಬ್ರಿಟಿಷ್ ಫಾರ್ಮುಲಾ ಥ್ರೀಯಲ್ಲಿ 2020ರಲ್ಲಿ ಎರಡನೆಯ ಸ್ಥಾನ. 2023ರಲ್ಲಿ ಫಾರ್ಮುಲಾ ಟೂ. 2024ರ ಮೊದಲ ಸುತ್ತಿನಲ್ಲಿ, ಬಹ್ರೇನ್‌ನಲ್ಲಿ, ಅತಿ ವೇಗದ ಸಮಯ ದಾಖಲಿಸಿದರು. ತಪಾಸಣೆಯಲ್ಲಿ ಕಾರು ತಾಂತ್ರಿಕ ನಿಯಮಕ್ಕೆ ಹೊಂದದೆ ಅನರ್ಹವಾಯಿತು. ಸರಕು ಕಳುಹಿಸಿದ ಮೇಲೆ ಅಳತೆ ತಪ್ಪಿದೆಯೆಂದು ತಿರಸ್ಕೃತವಾಗಿ ಮರಳಿ ಬಂದ ಅನುಭವವುಳ್ಳವರಿಗೆ ಆ ನೋವು ಅರ್ಥವಾದೀತು. ಅದೇ ವರ್ಷ ಹಂಗೆರಿಯಲ್ಲಿ ಲೆಕ್ಕ ತಿರುಗಿತು: ಮೊದಲು ಬಂದವನ ಕಾರು ಅನರ್ಹವಾಗಿ, ಎರಡನೆಯವರಾದ ಕುಶ್‌ಗೆ ಗೆಲುವು ದೊರೆಯಿತು. 2025ರ ಮೇ 24ರಂದು ಮೊನಾಕೊದ ಕಿರಿದಾದ ಬೀದಿಗಳಲ್ಲಿ ನಡೆದ ಸ್ಪ್ರಿಂಟ್ ಸ್ಪರ್ಧೆಯನ್ನು ಆದಿಯಿಂದ ಅಂತ್ಯದವರೆಗೆ ಮುನ್ನಡೆಸಿ ಗೆದ್ದರು. ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪರ್ಧೆ ಗೆದ್ದ ಮೊದಲ ಭಾರತೀಯ. ಆ ವರ್ಷ ಅವರು ಆಲ್ಪೀನ್ ಫಾರ್ಮುಲಾ ವನ್ ತಂಡದ ಪರೀಕ್ಷಾ ಹಾಗೂ ಮೀಸಲು ಚಾಲಕರೂ ಆಗಿದ್ದರು.

ಇಷ್ಟೆಲ್ಲ ಸಾಧಿಸಿದ ಇಬ್ಬರಿಗೂ ತವರಿನಲ್ಲಿ ಸ್ಪರ್ಧಾಪಥವಿಲ್ಲ. ಬೆಂಗಳೂರಿನ ರೇಸಿಂಗ್ ಜನ ಹಲಸೂರು, ಕೆ.ಆರ್. ಪುರ ದಾಟಿ ಹಳೆ ಮದ್ರಾಸ್ ರಸ್ತೆ ಹಿಡಿದು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಗೆ ಹೋಗುವುದು ವಾಡಿಕೆ. ದೆಹಲಿಯ ಬಳಿಯ ಬುದ್ಧ ಪಥದಲ್ಲಿ ಫಾರ್ಮುಲಾ ವನ್ ನಡೆದದ್ದು 2011ರಿಂದ 2013ರವರೆಗೆ, ಮೂರೇ ಬಾರಿ. ತೆರಿಗೆಯ ವ್ಯಾಜ್ಯ ಅದರ ಬೆನ್ನು ಬಿಡಲಿಲ್ಲ. ಆ ಪಥವು ಫಾರ್ಮುಲಾ ವನ್ ಸಂಸ್ಥೆಯ ಭಾರತದಲ್ಲಿನ ಕಾಯಂ ವ್ಯವಹಾರ ಸ್ಥಳವೆಂದೂ, ಆದಾಯಕ್ಕೆ ಇಲ್ಲಿ ತೆರಿಗೆ ಸಲ್ಲಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು.

ಆದರೆ ದ್ವಿಚಕ್ರದ ಕಡೆ ಚಿತ್ರ ಬೇರೆಯಾಗಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಬಳಿಕ ಹೀರೋ ಕಂಪನಿಯು ತನ್ನದೇ ರ್‍ಯಾಲಿ ತಂಡ ಕಟ್ಟಿ ಅವರನ್ನು ಸೇರಿಸಿಕೊಂಡಿತು. 2021ರಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು ಎಂಬುದನ್ನೂ ಹೆತ್ತವರು ಮರೆಯಬಾರದು. ಬಿಗ್ ಬಾಸ್‌ನಿಂದ ಮನೆಮನೆಗೆ ಪರಿಚಿತರಾದ ಉಡುಪಿಯ ಕೆ.ಪಿ. ಅರವಿಂದ್ ಅವರ ಬೆನ್ನಿಗಿದ್ದುದು ಹೊಸೂರಿನ ಟಿವಿಎಸ್. ಹೋಂಡಾ ನಕಾಜಿಮಾಗೆ ಮಾಡಿದ್ದನ್ನು ನಮ್ಮ ಕಂಪನಿಗಳು ಇಲ್ಲಿ ಮಾಡಿವೆ. ಕಾರುಗಳಲ್ಲಿ ಇನ್ನೂ ಮಾಡಿಲ್ಲವೆಂದೇ ಈ ಲೇಖಕನ ಅಭಿಪ್ರಾಯ. 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್‌ಗೆ ಟಾಟಾ ನೀಡಿದ ಪ್ರಾಯೋಜಕತ್ವ ಒಂದು ಅಪವಾದ.

ಸದಸ್ಯರಿಗೆ ಇವೆಲ್ಲವನ್ನೂ ತಿಳಿಸಿದಾಗ ಅವರು ಡೆಲಿವರಿ ಚಲನ್‌ನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಮಗನ ತರಬೇತಿಯ ವೆಚ್ಚವನ್ನು ವ್ಯವಹಾರದ ಜಾಹೀರಾತು ಖರ್ಚೆಂದು ತೋರಿಸಬಹುದೇ ಎಂದೂ ಕೇಳಿದರು. ವೈಯಕ್ತಿಕ ಖರ್ಚಿಗೆ ಆ ವಿನಾಯಿತಿ ಇಲ್ಲ. ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿರೆಂದು ಹೇಳಿದೆವು. ನಾಲ್ಕು ಚಕ್ರವೋ ಎರಡು ಚಕ್ರವೋ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಸ್ಪರ್ಧೆಗೆ ಮಗನನ್ನು ಇರುಂಗಾಟ್ಟುಕೋಟೈಗೆ ಕರೆದೊಯ್ದು ತೋರಿಸುವರಂತೆ. ನಸುಕಿನ ನಾಲ್ಕಕ್ಕೆ ಹಲಸೂರು ಬಿಟ್ಟರೆ ಹೊಸಕೋಟೆಯ ತನಕ ಲಾರಿಗಳ ಕಾಟವಿರದು ಎಂದು ಅವರೇ ಹೇಳಿದರು.